ಕೌದಿಯ ಹಿಂದಿನ ನಗು

ನಮ್ಮ ಸಿಂಧನೂರಿನ ಮನೆಯಲ್ಲಿ ನಗುವುದಕ್ಕೂ ಜಾಗ ಗೊತ್ತುಮಾಡಿತ್ತು. ಗಂಡಸರು ಮುಂದಿನ ಕಟ್ಟೆಯ ಮೇಲೆ ನಗಬೇಕು, ಅದೂ ಅಪ್ಪನ ಅಪ್ಪ, ನಮ್ಮ ಮುತ್ಯಾ, ಇಲ್ಲದಾಗ. ಮಕ್ಕಳು ಹಿತ್ತಲಲ್ಲಿ ನಗಬೇಕು. ಅಪ್ಪನ ತಾಯಿ, ನಮ್ಮ ಆಯಿ, ಪಡಸಾಲೆಯಲ್ಲಿ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಯಾವಾಗ ಬೇಕಾದರೂ ನಗಬಹುದಿತ್ತು. ಸೊಸೆಯಾಗಿ ಬಂದು ಮೂವತ್ತು ವರ್ಷ ಹಲ್ಲು ಕಚ್ಚಿಕೊಂಡಿದ್ದು ಸಂಪಾದಿಸಿದ ಹಕ್ಕು ಅದು. ನನ್ನ ಅವ್ವ ಆ ಮನೆಗೆ ಸೊಸೆಯಾಗಿ ಬಂದು ಹತ್ತು ವರ್ಷವಾಗಿತ್ತಷ್ಟೆ. ಆಕೆಗೆ ಇನ್ನೂ ಜಾಗ ಸಿಕ್ಕಿರಲಿಲ್ಲ. ಮಾವನ ಎದುರು ಸೊಸೆ ನಿಲ್ಲಬಾರದು, ನೇರ ಮಾತಾಡಬಾರದು, ನಗುವುದಂತೂ ದೂರದ ಮಾತು. ಆಯಿಗೆ ಒಂದು ಗಾದೆ ಬಾಯಿಪಾಠವಾಗಿತ್ತು. ವಾರಕ್ಕೆ ಎರಡು ಸಲವಾದರೂ, ಯಾರಿಗೂ ಹೇಳದವಳ ಹಾಗೆ ಮುಖ ಆಚೆ ತಿರುಗಿಸಿ ಹೇಳುತ್ತಿದ್ದಳು.

"ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು."

ಆದರೆ ತಮಾಷೆ ನೋಡಿ, ಇಡೀ ಸಿಂಧನೂರಿನಲ್ಲಿ ನಗೆಗತೆ ಓದುವ ಮನೆ ಅಂತ ಇದ್ದದ್ದು ನಮ್ಮದೊಂದೇ. ಮುತ್ಯಾ ಕನ್ನಡ ಮಾಸ್ತರನಾಗಿದ್ದ. ನಿಜಾಮನ ಕಾಲದಲ್ಲಿ ಶಾಲೆಯೆಲ್ಲ ಉರ್ದುವಾಗಿದ್ದಾಗ ನಮ್ಮ ಪಡಸಾಲೆಯಲ್ಲೇ ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದವನು. ಊರಿನ ಅರ್ಧ ಗಂಡಸರು ಅವನ ಕೈಯಿಂದ ಕಿವಿ ಹಿಂಡಿಸಿಕೊಂಡವರು. ಆಗೊಮ್ಮೆ ಈಗೊಮ್ಮೆ ಧಾರವಾಡಕ್ಕೆ ಹೋದಾಗ ಹಳೆಯ ಮಾಸಪತ್ರಿಕೆಗಳನ್ನು ತಂದು, ಕೆಂಪು ಬಟ್ಟೆಯ ರಟ್ಟು ಹಾಕಿಸಿ, ಗೂಡಿನಲ್ಲಿ ಇಟ್ಟಿದ್ದ. ಅದರಲ್ಲಿದ್ದ ನಗೆಗತೆಗಳನ್ನು ರವಿವಾರ ಮಧ್ಯಾಹ್ನ ಊಟವಾದ ಮೇಲೆ ಗಟ್ಟಿಯಾಗಿ ಓದುತ್ತಿದ್ದ. ಓದುವಾಗ ಅವನ ಮುಖ ಜಮೀನಿನ ಕಾಗದ ಓದುವವನ ಮುಖದ ಹಾಗೆ ಇರುತ್ತಿತ್ತು. ಮೂಗಿನ ಮೇಲಿನ ಕನ್ನಡಕ ಸರಿಸಿಕೊಳ್ಳುವುದು ಬಿಟ್ಟರೆ ಬೇರೆ ಅಭಿನಯವಿಲ್ಲ. ಅಪ್ಪ ತಹಸೀಲು ಕಚೇರಿಯ ಗುಮಾಸ್ತ. ಅಲ್ಲಿ ಸಾಹೇಬರ ಮುಂದೆ ಹೇಗೋ ಇಲ್ಲಿ ತನ್ನ ಅಪ್ಪನ ಮುಂದೆಯೂ ಹಾಗೇ ತಲೆ ತಗ್ಗಿಸಿ ಕೂರುತ್ತಿದ್ದ. ಅಪ್ಪನ ತಮ್ಮ, ನನ್ನ ಕಾಕಾ, ಮೂಗಿನಲ್ಲೇ ಒಂದಿಷ್ಟು ನಕ್ಕು ಕೆಮ್ಮಿದ ಹಾಗೆ ಮಾಡಿ ಮುಗಿಸುತ್ತಿದ್ದ. ಆಯಿ ಅಷ್ಟೊತ್ತಿಗೆ ನಿದ್ದೆ ಹೋಗಿರುತ್ತಿದ್ದಳು. ಕತೆ ಮುಗಿದ ಮೇಲೆ ಮುತ್ಯಾ ಒಂದು ಗಳಿಗೆ ಎಲ್ಲರ ಮುಖ ನೋಡಿ, ಪುಸ್ತಕ ಮುಚ್ಚಿ, ಏಳುತ್ತಿದ್ದ. ಆ ನೋಟದಲ್ಲಿ ಏನಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅಡುಗೆಮನೆ ಪಡಸಾಲೆಗಿಂತ ಒಂದು ಮೆಟ್ಟಿಲು ಕೆಳಗಿತ್ತು. ಬಾಗಿಲು ಗಿಡ್ಡ, ಒಳಗೆ ಹಗಲಲ್ಲೂ ಕತ್ತಲು. ಅವ್ವ ಊಟದ ತಾಟು ತೊಳೆಯುವ ಕೆಲಸವನ್ನು ಕತೆ ಮುಗಿಯುವ ತನಕ ಮುಂದೂಡಿ, ಬಾಗಿಲ ಮರೆಯಲ್ಲಿ ಬೀಸುವ ಕಲ್ಲಿನ ಪಕ್ಕ ಕೂರುತ್ತಿದ್ದಳು. ನಾನು ಆಕೆಯ ತೊಡೆಯ ಮೇಲೆ ಮಲಗುತ್ತಿದ್ದೆ. ಪಡಸಾಲೆಯಲ್ಲಿ ಮುತ್ಯಾನ ದನಿ ಏರಿಳಿಯುತ್ತ ಬಂದು ನಗುವ ಜಾಗ ಮುಟ್ಟಿತೆಂದರೆ ಅವ್ವ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಹೊಟ್ಟೆ ಕುಲುಕುತ್ತಿತ್ತು, ಸದ್ದು ಮಾತ್ರ ಒಂದಿಷ್ಟೂ ಇಲ್ಲ. ಎಂಟು ವರ್ಷದ ತನಕ ನನ್ನ ಅವ್ವನ ನಗು ನನಗೆ ಗೊತ್ತಿದ್ದದ್ದು ನನ್ನ ತಲೆಗೆ ತಾಗಿ ಕುಲುಕುವ ಹೊಟ್ಟೆಯಿಂದ. ಎಲ್ಲ ಅವ್ವಂದಿರೂ ಹೀಗೇ ನಗುತ್ತಾರೆ ಅಂತ ನಾನು ತಿಳಿದಿದ್ದೆ.

ಆಗ ನಮ್ಮ ಕಡೆ ಕಾಲುವೆ ಬಂದು ಎಲ್ಲವೂ ತಿರುವುಮುರುವಾಗುತ್ತಿದ್ದ ಕಾಲ. ಮಳೆ ನಂಬಿ ಜೋಳ ಬಿತ್ತುತ್ತಿದ್ದ ಕಪ್ಪು ನೆಲದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆಂಧ್ರದಿಂದ ಬಂದವರು ದಢೇಸುಗೂರಿನ ಕಡೆ ಕ್ಯಾಂಪು ಹಾಕಿ ಭತ್ತ ನಾಟಿ ಮಾಡುತ್ತಿದ್ದರು. ನಮ್ಮವರು ಬದುವಿನ ಮೇಲೆ ನಿಂತು, ಇದೇನು ಕೆಸರಾಟ ಅಂತ ನೋಡುತ್ತಿದ್ದರು. ನಮ್ಮ ಮನೆಯಲ್ಲೇ ಅನ್ನದ ಸಲುವಾಗಿ ಜಗಳವಾಗುತ್ತಿತ್ತು. ಅನ್ನ ಅಂದರೆ ಹಬ್ಬದ ಊಟ, ದಿನಾ ಉಂಡರೆ ಮೈಯಲ್ಲಿ ಕಸುವು ಉಳಿಯುವುದಿಲ್ಲ ಅಂತ ಆಯಿಯ ವಾದ. ನೆಲ ಹೇಗೆ ಮಟ್ಟ ಮಾಡಬೇಕು, ನೀರು ಎಷ್ಟು ಬಿಡಬೇಕು, ಹೊಲಗಾಲುವೆ ಹೇಗೆ ತೆಗೆಯಬೇಕು ಅಂತ ರೈತರಿಗೆ ಹೇಳಿಕೊಡಲು ಒಂದು ಕಚೇರಿ ತೆರೆದಿದ್ದರು. ಕಾಕಾನಿಗೆ ಅಲ್ಲಿ ಪ್ರಚಾರದ ಜೀಪಿನ ಕೆಲಸ ಸಿಕ್ಕಿತು. ಜೀಪಿನ ತಲೆಯ ಮೇಲೆ ಎರಡು ಲೌಡ್‌ಸ್ಪೀಕರು, ಒಳಗೆ ಒಂದು ಟೇಪ್ ರೆಕಾರ್ಡರು. ಊಟದ ಗಂಗಾಳದಷ್ಟು ದೊಡ್ಡ ಎರಡು ಚಕ್ರ ತಿರುಗುವ, ಇಬ್ಬರು ಹಿಡಿದು ಎತ್ತಬೇಕಾದ ಯಂತ್ರ. ಊರೂರಿಗೆ ಹೋಗಿ ಮೇಲಧಿಕಾರಿಗಳ ಭಾಷಣ ಹಚ್ಚಿದರೆ ಕೇಳಲು ಬರುತ್ತಿದ್ದದ್ದು ನಾಯಿ ಮತ್ತು ಹುಡುಗರು. ಸಾಲಗುಂದದಲ್ಲಿ ಒಬ್ಬ ಮುದುಕ, ಜೀಪಿನ ಸಪ್ಪಳಕ್ಕೆ ಎತ್ತು ಬೆದರುತ್ತವೆ, ಆಚೆ ನಿಲ್ಲಿಸು ಅಂದನಂತೆ.

ಕಾಕಾನಿಗೆ ಉಪಾಯ ಹೊಳೆದದ್ದು ಆಗ. ಭಾಷಣದ ಮೊದಲು ಒಂದು ನಗೆಗತೆ ಹಚ್ಚಿದರೆ ಮಂದಿ ಕೂಡುತ್ತಾರೆ. ಕೂಡಿದ ಮೇಲೆ ನೀರಿನ ಮಾತು ಹೇಳಬಹುದು. ಓದುವವನು ಮನೆಯಲ್ಲೇ ಇದ್ದ. ಮುತ್ಯಾ ಮೊದಲು ಒಪ್ಪಲಿಲ್ಲ. ತನ್ನ ದನಿಯನ್ನು ಸಂತೆಯಲ್ಲಿ ಇಡಲು ಅದೇನು ಬದನೆಕಾಯಿಯೇ ಅಂದ. ಕಾಕಾ ಎಂಟು ದಿನ ಹಿಂದೆ ಬಿದ್ದು ಒಪ್ಪಿಸಿದ. ಒಂದು ರವಿವಾರ ಯಂತ್ರ ನಮ್ಮ ಪಡಸಾಲೆಗೆ ಬಂತು. ನಮ್ಮ ಓಣಿಗೆ ಕರೆಂಟು ಬಂದು ಬಹಳ ದಿನವಾಗಿರಲಿಲ್ಲ. ಇದ್ದ ಒಂದೇ ಬಲ್ಬನ್ನು ಕಾಕಾ ಕಳಚಿ ಅಲ್ಲಿಂದ ವೈರು ಎಳೆದ. ಆಮೇಲೆ ಗೋಡೆ ಬಡಿದು ನೋಡಿ, ದನಿ ತಿರುಗಿ ಬರುತ್ತದೆ ಅಂದ. ಆಯಿಯ ಪೆಟ್ಟಿಗೆಯಿಂದ ಕೌದಿಗಳನ್ನೆಲ್ಲ ತೆಗೆಸಿದ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಅವ್ವ ಮತ್ತು ಆಯಿ ಹೊಲಿದ ದಪ್ಪ ಕೌದಿಗಳು. ಕಿಟಕಿಗೊಂದು, ಬೀದಿಬಾಗಿಲಿಗೊಂದು, ಅಡುಗೆಮನೆಯ ಬಾಗಿಲಿಗೆ ಎರಡು ಕಟ್ಟಿದ. ಮನೆಯೊಳಗೆ ಮನೆ ಕಟ್ಟಿದ ಹಾಗೆ ನನಗೆ ಖುಷಿಯೋ ಖುಷಿ. ಅವ್ವನಿಗೆ ಎಚ್ಚರಿಕೆ ಹೇಳಿ ಬಾ ಅಂತ ಕಾಕಾ ನನ್ನನ್ನೇ ಕಳಿಸಿದ.

"ಸರೂ, ನಿಮ್ಮವ್ವಗ ಹೇಳು. ಒಳಗ ತಾಟು ಸಪ್ಪಳ ಮಾಡಬಾರದು. ಕೌದಿ ಕಟ್ಟೀನಿ, ಸಣ್ಣ ಪುಣ್ಣ ಸಪ್ಪಳ ಈ ಕಡೆ ಬರಂಗಿಲ್ಲ, ಆದ್ರೂ ಹುಷಾರು ಅನ್ನು."

ನಾನು ಕೌದಿಯ ಕೆಳಗೆ ನುಸುಳಿ ಹೋಗಿ ಅವ್ವನಿಗೆ ಹೇಳಿದ್ದು ಇಷ್ಟು:

"ಅವ್ವಾ, ಕೌದಿ ಕಟ್ಯಾರ. ಇಲ್ಲಿ ಸಪ್ಪಳ ಆ ಕಡೆ ಬರಂಗಿಲ್ಲಂತ."

ಎಂಟು ವರ್ಷದ ಹುಡುಗಿಗೆ ನೆನಪಿನಲ್ಲಿ ಉಳಿದ ಭಾಗ ಅಷ್ಟೇ. ಉಳಿದದ್ದು ಬಾಗಿಲಲ್ಲೇ ಉದುರಿತ್ತು. ಅವ್ವ ಕೈಯಿಂದ ಕೌದಿ ಮುಟ್ಟಿ ನೋಡಿದಳು. ತಾನೇ ಹೊಲಿದ ಕೌದಿ, ಅದರ ದಪ್ಪ ಆಕೆಗೆ ಗೊತ್ತು. ಆವತ್ತು ಆಕೆ ಬೀಸುವ ಕಲ್ಲಿನ ಹತ್ತಿರ ಕೂರಲಿಲ್ಲ. ಕೌದಿಗೆ ಮುಖ ಹತ್ತಿಸಿ ನಿಂತಳು. ಆ ಕಡೆ ಕಾಕಾ, ಬೀದಿಯ ಗದ್ದಲದಿಂದ ದೂರವಿರಲಿ ಅಂತ, ಮುತ್ಯಾನ ಮಣೆ ಮತ್ತು ಮೈಕನ್ನು ತಂದು ಇಟ್ಟದ್ದು ಅದೇ ಕೌದಿಯ ಮಗ್ಗುಲಿಗೆ. ಅದು ನಮಗೆ ಕಾಣುತ್ತಿರಲಿಲ್ಲ.

ಮುತ್ಯಾ ಓದಿದ್ದು ಎಮ್ಮೆಯ ಕತೆ. ಇಬ್ಬರು ಜಿಪುಣ ನೆರೆಯವರು ಕೂಡಿ ಒಂದೇ ಕನ್ನಡಕ ಕೊಂಡು, ದಿನ ಬಿಟ್ಟು ದಿನ ಹಾಕಿಕೊಳ್ಳುವ ಕರಾರು ಮಾಡಿಕೊಳ್ಳುತ್ತಾರೆ. ಅವರಲ್ಲಿ ಒಬ್ಬ ತನ್ನ ಮಗನಿಗೆ ಹೆಣ್ಣು ನೋಡಲು ಹೋಗುವ ದಿನ ಕನ್ನಡಕದ ಸರದಿ ನೆರೆಯವನದು. ಬರಿಗಣ್ಣಲ್ಲಿ ಹೋದ ಆ ಯಜಮಾನ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನೇ ಹುಡುಗಿ ಅಂದುಕೊಂಡು, ಅದು ಮೆಲುಕು ಹಾಕುವುದನ್ನು ಬಹಳ ಹೊತ್ತು ನೋಡಿ, ಬೀಗರಿಗೆ ಗಂಭೀರವಾಗಿ ಹೇಳುತ್ತಾನೆ: "ಹುಡುಗಿ ಮೈಕೈ ತುಂಬಿಕೊಂಡಿದ್ದಾಳೆ. ಬಣ್ಣ ತುಸು ಕಪ್ಪು, ಚಿಂತೆಯಿಲ್ಲ. ಆದರೆ ಹಿರಿಯರ ಎದುರಿಗೆ ಹೀಗೆ ಎಲೆಯಡಿಕೆ ಅಗಿಯುವುದು ನಮ್ಮ ಮನೆತನಕ್ಕೆ ಒಗ್ಗುವುದಿಲ್ಲ."

ಅವ್ವ ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ. ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಸದ್ದು, ಆಮೇಲೆ ಹತ್ತು ವರ್ಷದ್ದೆಲ್ಲ ಒಮ್ಮೆಗೇ ಬಂತು. ದೊಡ್ಡ ನಗು, ಗಂಡುದನಿಯ ನಗು, ಕೊನೆಯಲ್ಲಿ ಉಸಿರು ಸಾಲದೆ ಕೀರಲಾಗುವ ನಗು. ನಾನು ಆಕೆಯ ಮುಖವನ್ನೇ ನೋಡುತ್ತ ನಿಂತೆ. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು, ಬಾಯಿ ಪೂರ್ತಿ ತೆರೆದಿತ್ತು, ಒಳಗೆ ಒಂದು ಹಲ್ಲು ಓರೆ ಇರುವುದು ನನಗೆ ಅಂದೇ ಗೊತ್ತಾಯಿತು. ನನ್ನ ಅವ್ವ ಎಷ್ಟು ಚೆಂದ ಇದ್ದಾಳೆ ಅನ್ನಿಸಿತು. ಮುತ್ಯಾನಿಗೆ ಕಿವಿ ಮಂದ. ಕೌದಿಯಾಚೆಯದು ಅವನಿಗೆ ಕೇಳಿಸಲಿಲ್ಲ, ಓದುತ್ತ ಹೋದ. ಅಪ್ಪ ಆವತ್ತು ಕಚೇರಿಯ ಕೆಲಸಕ್ಕೆ ರಾಯಚೂರಿಗೆ ಹೋಗಿದ್ದ. ಆಯಿ ಎಂದಿನಂತೆ ಗೊರಕೆ ಹೊಡೆಯುತ್ತಾಳೆ ಅಂತ ಕಾಕಾ ಆಕೆಯನ್ನು ಮೊದಲೇ ಪಕ್ಕದ ಮನೆಗೆ ಸಾಗಹಾಕಿದ್ದ. ಕಾಕಾನಿಗೆ ಮಾತ್ರ ಕೇಳಿಸಿತ್ತು. ಅವನು ಯಂತ್ರ ನಿಲ್ಲಿಸಲಿಲ್ಲ.

ಹದಿನೈದು ದಿನ ಅವನೊಬ್ಬನನ್ನು ಬಿಟ್ಟು ಯಾರಿಗೂ ಏನೂ ಗೊತ್ತಿರಲಿಲ್ಲ. ಕಾಕಾ ಬಹಳ ಹುರುಪಿನಲ್ಲಿದ್ದ. ಸಾಲಗುಂದದಲ್ಲಿ ಎತ್ತು ಬೆದರುತ್ತವೆ ಅಂದ ಮುದುಕನೇ ಎಮ್ಮೆಯ ಕತೆಯನ್ನು ಇನ್ನೊಮ್ಮೆ ಹಚ್ಚು ಅಂದನಂತೆ. ಸಂತೆಯ ದಿನ ಜೀಪು ನಮ್ಮ ಊರಿಗೇ ಬಂತು. ನಾನು ಅಪ್ಪನ ಕೈ ಹಿಡಿದು ಸಂತೆಗೆ ಹೋಗಿದ್ದೆ. ಉಳ್ಳಾಗಡ್ಡಿ ರಾಶಿಯ ಮುಂದೆ ಅಪ್ಪ ಚೌಕಾಸಿ ಮಾಡುತ್ತಿದ್ದಾಗ ಲೌಡ್‌ಸ್ಪೀಕರಿನಿಂದ ಮುತ್ಯಾನ ದನಿ ಶುರುವಾಯಿತು. ಅವನ ಕೈಯಲ್ಲಿ ಕಲಿತ ಗಂಡಸರೆಲ್ಲ, ಮಾಸ್ತರರು, ಮಾಸ್ತರರು ಅಂತ ಅತ್ತ ಸರಿದರು. ಅಪ್ಪನ ಮುಖದಲ್ಲಿ ಹೆಮ್ಮೆ ಕಂಡಿತು. ಕನ್ನಡಕದ ಕರಾರು ಬಂತು, ಎಮ್ಮೆ ಬಂತು, ಎಲೆಯಡಿಕೆ ಬಂತು. ಆಮೇಲೆ ಇಡೀ ಸಂತೆಯ ಮೇಲೆ, ಉಳ್ಳಾಗಡ್ಡಿ ಮೆಣಸಿನಕಾಯಿ ಕುರಿ ಕೋಳಿಗಳ ಮೇಲೆ, ಅವ್ವ ನಕ್ಕಳು. ಆ ನಗು ಕೇಳಿ ಮೊದಲು ಒಬ್ಬಿಬ್ಬರು, ಆಮೇಲೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕ.

ಹೌದು, ಅಪ್ಪನೂ ನಕ್ಕ. ಅವನಿಗೆ ಗುರುತು ಹತ್ತಿರಲಿಲ್ಲ. ಸಂತೆಯಲ್ಲಿ ಯಾರಿಗೂ ಹತ್ತಿರಲಿಲ್ಲ. ಯಾವಳೋ ರೇಡಿಯೋದ ನಟಿ ಅಂದುಕೊಂಡಿರಬೇಕು. ಎಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿದ್ದರೆ.

"ಅಪ್ಪಾ, ಅಪ್ಪಾ! ಅದು ಅವ್ವನ ನಗಿ!"

ಇಷ್ಟು ದೊಡ್ಡ ಸಂಗತಿ ನನಗೊಬ್ಬಳಿಗೇ ಗೊತ್ತು ಅನ್ನುವ ಜಂಬಕ್ಕೆ ಕೂಗಿದೆ, ಕುಣಿದು ಕೂಗಿದೆ. ಉಳ್ಳಾಗಡ್ಡಿ ಮಾರುವವಳು ನಗುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಅಪ್ಪನ ಕಚೇರಿಯವನೊಬ್ಬ, ಹೌದೇನ್ರೀ, ಅಂದ. ಅಪ್ಪನ ಕೈ ನನ್ನ ಕೈಯನ್ನು ಎಷ್ಟು ಒತ್ತಿತೆಂದರೆ ನನ್ನ ಹಸಿರು ಬಳೆ ಒಡೆದು ಗೀರಿತು. ಉಳ್ಳಾಗಡ್ಡಿ ತೆಗೆದುಕೊಳ್ಳದೆ ಮನೆಗೆ ನಡೆದೆವು. ಮಾತು ನಮಗಿಂತ ಮುಂಚೆ ಮನೆ ಮುಟ್ಟಿತ್ತು. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಆಯಿಯ ಜೊತೆ ನಿಂತಿದ್ದಳು.

ಆವತ್ತಿನ ಜಗಳ ನನಗೆ ಅಕ್ಷರ ಅಕ್ಷರ ನೆನಪಿದೆ. ಅಪ್ಪ ಜೀವಮಾನದಲ್ಲಿ ಅಷ್ಟು ಮಾತಾಡಿದ್ದು ಅದೊಂದೇ ದಿನ. ಅವ್ವ ಅಡುಗೆಮನೆಯ ಮೆಟ್ಟಿಲ ಕೆಳಗೆ ನಿಂತಿದ್ದಳು, ಕೈಗೆ ಹಿಟ್ಟು ಹತ್ತಿತ್ತು. ಮುತ್ಯಾ ಗೋಡೆಯ ಕಡೆ ಮುಖ ಮಾಡಿ ಮಣೆಯ ಮೇಲೆ ಕೂತಿದ್ದ. ಮೊದಲು ಬಾಯಿ ತೆಗೆದವಳು ಆಯಿ.

"ಸಂತಿ ಮಂದಿ ಮುಂದ ನಮ್ಮ ಮನಿ ಸೊಸಿ ಹಲ್ಲು ಕಿಸದಾಳ. ಇನ್ನ ನಾ ಹೊರಗ ಹೆಂಗ ಮುಖ ತೋರಸಲಿ?"

ಅಪ್ಪ ಆಕೆಯ ಮಾತಿಗೆ ಕಿವಿಗೊಡಲಿಲ್ಲ. ಕಾಕಾನ ಎದುರು ಹೋಗಿ ನಿಂತ.

"ನಿನಗ ಗೊತ್ತಿತ್ತು. ಗೊತ್ತಿದ್ದೂ ಹಚ್ಚೀದಿ."

"ಗೊತ್ತಿತ್ತಣ್ಣಾ. ನಿನಗ ಸುಳ್ಳು ಹೇಳಂಗಿಲ್ಲ. ಆ ನಗಿ ತಗದ್ರ ಆ ಕತಿಯೊಳಗ ಜೀವ ಉಳಿಯಂಗಿಲ್ಲ. ಹಳ್ಳಿ ಮಂದಿ ಆಕಿ ನಗಿ ಕೇಳೇ ನಗಾಕ ಸುರು ಮಾಡ್ತಾರ."

"ಆಕಿ ಯಾರಲೇ? ವೈನಿ ಅನ್ನು."

ಅತ್ತಿಗೆಯನ್ನು ಆಕಿ ಅಂದದ್ದಕ್ಕೆ ಕಾಕಾ ತಲೆ ತಗ್ಗಿಸಿದ. ಅಪ್ಪ ಅವ್ವನ ಕಡೆ ತಿರುಗಿದ. ಅವನ ದನಿ ಸಣ್ಣಗಾಗಿತ್ತು.

"ಹತ್ತು ವರ್ಷ ಆತು ನೀಲಾ. ನನ್ನ ಮುಂದ ಒಮ್ಮೆರ ಹಂಗ ನಕ್ಕೀ ಏನು?"

ಅವ್ವ ಕೈಯ ಹಿಟ್ಟನ್ನು ಉಜ್ಜಿ ಉದುರಿಸಿದಳು. ಅಪ್ಪ ಆಕೆಯ ಮುಂದೆ ಒಂದು ನಗುವ ಮಾತಾದರೂ ಆಡಿದ್ದನೇ ಅಂತ ಈಗ ನನಗೆ ಕೇಳಬೇಕೆನ್ನಿಸುತ್ತದೆ. ಅಂದು ನಾನು ಕಂಬ ಹಿಡಿದು ನಿಂತಿದ್ದೆ. ಕೌದಿಯ ಮಾತು ಹೇಳಿದ್ದು ನಾನು, ಸಂತೆಯಲ್ಲಿ ಕೂಗಿದ್ದು ನಾನು. ಎರಡನ್ನೂ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಅವ್ವ ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ಊರಿನವರು ಅಷ್ಟೊತ್ತಿಗೆ ಮೈದುನನ ಯಂತ್ರದಲ್ಲಿ ಅತ್ತಿಗೆಯ ನಗು ಅಂತ ಮಾತು ಹೊಸೆದಿದ್ದರು. ಆ ಮಾತಿನ ವಿಷ ನನಗೆ ಅರ್ಥವಾಗುವ ವಯಸ್ಸಲ್ಲ, ಅಪ್ಪನ ಮುಖ ಮಾತ್ರ ಅರ್ಥವಾಯಿತು. ಇಷ್ಟೆಲ್ಲ ನಡೆದರೂ ಮುತ್ಯಾ ಗೋಡೆಯಿಂದ ಮುಖ ತಿರುಗಿಸಲಿಲ್ಲ. ಊರಿಗೆಲ್ಲ ಮಾತು ಕಲಿಸಿದವನು ಒಂದು ಮಾತು ಆಡಲಿಲ್ಲ. ಅವನ ಮೇಲಿನ ಆ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಅವ್ವನನ್ನು ಮಸ್ಕಿಗೆ, ಆಕೆಯ ತವರಿಗೆ, ಬಸ್ಸಿನಲ್ಲಿ ಕರೆದುಕೊಂಡು ಹೋದ. ನಾಲ್ಕು ದಿನ ಇದ್ದು ಬರಲಿ ಅಂತ ಊರಿಗೆ ಹೇಳಿದ್ದು. ಆಕೆಯ ಟ್ರಂಕಿನಲ್ಲಿ ಎಲ್ಲ ಸೀರೆಗಳನ್ನೂ ಇಟ್ಟದ್ದನ್ನು ನಾನು ನೋಡಿದ್ದೆ. ಶಾಲೆ ತಪ್ಪುತ್ತದೆ ಅಂತ ನನ್ನನ್ನು ಇಲ್ಲೇ ಬಿಟ್ಟರು. ಕಾಕಾ ತಾನಾಗಿ ಕೇಳಿಕೊಂಡು ಲಿಂಗಸುಗೂರಿನ ಕಚೇರಿಗೆ ಹೋದ. ಮನೆಯಲ್ಲಿ ಉಳಿದವರು ನಾಲ್ವರು. ಆಯಿಯ ರೊಟ್ಟಿ ದಪ್ಪ, ಅಂಚು ಹಸಿ. ಪುಂಡಿಪಲ್ಯ ಬರೀ ಹುಳಿ. ಮುತ್ಯಾ ಕೆಂಪು ರಟ್ಟಿನ ಪುಸ್ತಕ ಮುಟ್ಟಲಿಲ್ಲ. ರವಿವಾರ ಮಧ್ಯಾಹ್ನ ಎಲ್ಲರೂ ಉಂಡು, ಒಬ್ಬರನ್ನೊಬ್ಬರು ನೋಡದೆ ಎದ್ದು ಹೋಗುತ್ತಿದ್ದರು. ಅವ್ವ ಹೋದಾಗ ಕಾಲುವೆಯ ಬಯಲಿನಲ್ಲಿ ಸಸಿ ನಾಟಿ ನಡೆದಿತ್ತು. ತೆನೆ ಬಿಟ್ಟು ಬಾಗಿದರೂ ಆಕೆಯನ್ನು ಕರೆಯಲು ಯಾರೂ ಹೋಗಲಿಲ್ಲ. ಇನ್ನೊಂದು ಮದುವೆಯ ಮಾತನ್ನು ಆಯಿ ಯಾರ ಜೊತೆಗೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡ ದಿನ ನಾನು ಊಟ ಬಿಟ್ಟು ಮುತ್ಯಾನ ಮುಂದೆ ಹೋಗಿ ಕೂತೆ. ಕೌದಿಯದು, ಸಂತೆಯದು ಎರಡನ್ನೂ ಹೇಳಿ ಅತ್ತುಬಿಟ್ಟೆ. ಮುತ್ಯಾ ಬೈಯಲಿಲ್ಲ. ಅಳು ನಿಂತ ಮೇಲೆ ನಾನೇ ಇನ್ನೊಂದು ಮಾತು ಹೇಳಿದೆ.

"ಮುತ್ಯಾ, ಅವ್ವ ಅವತ್ತೊಂದಿನಾ ಅಲ್ಲ, ಯಾವಾಗ್ಲೂ ನಗತಿದ್ಲು. ನೀ ಓದೂ ಹೊತ್ತಿನಾಗ. ಸೆರಗು ಬಾಯಾಗ ತುರುಕ್ಕೊಂಡು."

ಮುತ್ಯಾ ಕಿವಿಗೆ ಕೈ ಹಚ್ಚಿ, ಇನ್ನೊಮ್ಮೆ ಹೇಳು ಅಂದ. ಹೇಳಿದೆ.

"ಯಾವಾಗ್ಲೂ? ಎಷ್ಟು ದಿನದಿಂದ?"

"ನಾ ಹುಟ್ಟಿದಾಗಿಂದ."

ಅವನು ಎದ್ದು ಗೂಡಿನಿಂದ ಪುಸ್ತಕ ಇಳಿಸಿದ. ಧೂಳು ಕೊಡವಲಿಲ್ಲ. ಒಂದೊಂದೇ ಕತೆ ತೆಗೆದು, ಸಣ್ಣ ದನಿಯಲ್ಲಿ ಓದಿ, ಬೆರಳಿಟ್ಟು ಕೇಳುತ್ತ ಹೋದ.

"ಇಲ್ಲಿ ನಕ್ಕಳೇನು?"

"ಹೂಂ, ಇಲ್ಲಿ."

"ಇಲ್ಲಿ?"

"ಇಲ್ಲಿ ಇಲ್ಲ. ಮುಂದ. ಆ ಗೌಡ ಬಿದ್ದ ಮ್ಯಾಲ."

ಆ ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಹತ್ತು ವರ್ಷ ತಾನು ಓದಿದ್ದು ಯಾರಿಗೂ ಮುಟ್ಟಿಲ್ಲ ಅಂತ ಆ ಮುದುಕ ತಿಳಿದಿದ್ದ. ಕತೆ ಮುಗಿದಾಗ ಎಲ್ಲರ ಮುಖ ನೋಡುತ್ತಿದ್ದದ್ದು ಅದಕ್ಕೇ. ಕೇಳುವವಳು ಬಾಗಿಲ ಮರೆಯಲ್ಲಿ ಇದ್ದಳು, ಮತ್ತು ಆಕೆಯನ್ನು ಆ ಮರೆಯಲ್ಲಿ ಕೂಡಿಸಿದ ಪದ್ಧತಿಗೆ ಅವನೇ ಯಜಮಾನನಾಗಿದ್ದ. ಪುಸ್ತಕ ಮುಚ್ಚಿ ಅವನು ಕಣ್ಣೊರೆಸಿಕೊಂಡ. ಅಳುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಮರುದಿನ ಆಯಿಗೂ ಅಪ್ಪನಿಗೂ ಹೇಳದೆ, ನನ್ನ ಕೈ ಹಿಡಿದು ಮಸ್ಕಿಯ ಬಸ್ಸು ಹತ್ತಿದ.

ಸೊಸೆಯನ್ನು ಕರೆಯಲು ಮಾವನೇ ಹೋಗುವುದು ನಮ್ಮ ಕಡೆ ಇರಲಿಲ್ಲ. ಗಂಡ ಹೋಗಬೇಕು, ಇಲ್ಲ ಮೈದುನ ಹೋಗಬೇಕು. ಅವ್ವನ ತವರಿನವರು ಗಾಬರಿಯಾಗಿ ಕಟ್ಟೆಗೆ ಜಮಖಾನೆ ಹಾಸಿದರು. ಅವ್ವ ಬಾಗಿಲ ಹಿಂದೆ ನಿಂತಳು. ಬಳೆಯ ಸದ್ದಿನಿಂದ ಅಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ನೇರ ಮಾತಿಲ್ಲದ್ದರಿಂದ ಇಬ್ಬರ ನಡುವೆ ಹೊಸ್ತಿಲ ಮೇಲೆ ನನ್ನನ್ನು ನಿಲ್ಲಿಸಿದರು. ಇದ್ದದ್ದು ಮೂರು ಮೊಳ ದೂರ, ನಡುವೆ ಕೌದಿಯೂ ಇಲ್ಲ, ಗಟ್ಟಿಯಾಗಿ ಆಡಿದರೆ ಮುತ್ಯಾನಿಗೂ ಕೇಳಿಸುತ್ತಿತ್ತು, ಆದರೂ ಮಾತು ನನ್ನ ಮೂಲಕವೇ ಹೋಗಬೇಕು.

"ಸರೂ, ನಿಮ್ಮವ್ವಗ ಹೇಳು. ಮುತ್ಯಾ ಕರಿಯಾಕ ಬಂದಾನ. ತಪ್ಪು ನಮ್ಮದೈತಿ ಅಂತ ಹೇಳು."

ನಾನು ಹೇಳುವ ಮೊದಲೇ ಒಳಗಿನಿಂದ ಉತ್ತರ ಬಂತು.

"ನಿಮ್ಮ ಮುತ್ಯಾಗ ಹೇಳು. ಬರ್ತೀನಿ. ಆದ್ರ ಆ ಟೇಪು ಇರಬಾರದು. ನನ್ನ ಕಣ್ಣ ಮುಂದ ಅದನ್ನ ಅಳಿಸಬೇಕು."

ಮುತ್ಯಾ ಕನ್ನಡಕ ತೆಗೆದು ಧೋತರದಿಂದ ಒರೆಸಿಕೊಂಡ. ಆ ಟೇಪಿನಲ್ಲಿ ಇದ್ದದ್ದು ಅವನ ಓದಿಗೆ ಯಾರೋ ನಕ್ಕ ಏಕೈಕ ಸಾಕ್ಷಿ. ಅದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಒಮ್ಮೆ ಕೇಳಿ ಅಳಿಸೋಣ ಅಂತ ಬಾಯಿಗೆ ಬಂದಿರಬೇಕು. ಬಾಯಿಗೆ ಬಂದದ್ದನ್ನು ನುಂಗಿ, ಆಗಲಿ ಅನ್ನು, ಅಂದ.

ಅವ್ವ ಬಂದ ಮೂರನೆಯ ದಿನ ಕಾಕಾ ಲಿಂಗಸುಗೂರಿನಿಂದ ಯಂತ್ರ ತಂದ. ಅಪ್ಪ ಮತ್ತು ಅವನು ಮಾತಾಡಲಿಲ್ಲ. ಅಳಿಸುವುದು ಅಂದರೆ ಬೇರೆ ಏನಿಲ್ಲ, ಮೈಕು ಇಟ್ಟು ಸುಮ್ಮನೆ ರೆಕಾರ್ಡು ಹಚ್ಚಿ ಕೂತರೆ ಹಳೆಯದು ಹೋಗುತ್ತದೆ, ಕತೆ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಯಾರೂ ತುಟಿ ಬಿಚ್ಚಬಾರದು ಅಂತ ಕಾಕಾ ಗೋಡೆಗೆ ಹೇಳಿದ ಹಾಗೆ ಹೇಳಿದ. ಈ ಸಲ ಕೌದಿ ಕಟ್ಟಲಿಲ್ಲ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದದ್ದು ಕಾಣುತ್ತಿತ್ತು. ಆ ಸಪ್ಪಳ ಇರಲಿ ಬಿಡು ಅಂದ ಮುತ್ಯಾ. ಅಪ್ಪ, ಆಯಿ, ನಾನು ಸಾಲಾಗಿ ಕೂತೆವು. ಚಕ್ರ ತಿರುಗಿತು.

ಮುತ್ಯಾ ತೊಡೆಯ ಮೇಲೆ ಪುಸ್ತಕ ತೆರೆದುಕೊಂಡಿದ್ದ. ಸದ್ದಿಲ್ಲದೆ ತುಟಿ ಅಲುಗುತ್ತಿತ್ತು. ಬೆರಳು ಸಾಲಿನ ಮೇಲೆ ಹೋಗುತ್ತಿತ್ತು. ಅವನು ಎಮ್ಮೆಯ ಕತೆಯನ್ನೇ ಓದುತ್ತಿದ್ದಾನೆಂದು ನನಗೊಬ್ಬಳಿಗೆ ಗೊತ್ತಾಯಿತು. ನನಗೂ ಅದು ಬಾಯಿಪಾಠ. ಅವನ ಬೆರಳಿನ ಹಿಂದೆಯೇ ಹೋದೆ. ಕರಾರು ದಾಟಿತು, ಅಂಗಳ ಬಂತು, ಎಮ್ಮೆ ಬಂತು. ಎಲೆಯಡಿಕೆಯ ಸಾಲಿಗೆ ಬೆರಳು ನಿಂತಿತು. ಮುತ್ಯಾ ಕನ್ನಡಕದ ಮೇಲಿನಿಂದ ಕಣ್ಣೆತ್ತಿ ಅಡುಗೆಮನೆಯ ಬಾಗಿಲು ನೋಡಿದ. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಆಕೆಯೂ ಮನಸ್ಸಿನಲ್ಲೇ ಕತೆ ಹೇಳಿಕೊಳ್ಳುತ್ತ ಜೊತೆಗೇ ಬಂದಿದ್ದಳು, ಅದೇ ಸಾಲಿಗೆ. ಆ ಮೌನದಲ್ಲಿ ಎಲೆಯಡಿಕೆ ಅಗಿಯುತ್ತ ಗಂಭೀರವಾಗಿ ಕೂತಿದ್ದ ಆಯಿ ನನ್ನ ಕಣ್ಣಿಗೆ ಬಿದ್ದಳು. ನನಗೆ ತಡೆಯಲಾಗಲಿಲ್ಲ. ನಕ್ಕೆ. ಅವ್ವನ ಹಾಗೇ ನಕ್ಕೆನಂತೆ, ಗಂಟಲಲ್ಲಿ ಮೊದಲು, ಆಮೇಲೆ ಪೂರ್ತಿ ಬಾಯಿ ತೆರೆದು.

ಅವ್ವ ಮೆಟ್ಟಿಲು ಹತ್ತಿ ಬಂದದ್ದು ನನಗೆ ಕಾಣಿಸಲಿಲ್ಲ. ಮಾವನ ಎದುರಿಗೆ, ಗಂಡನ ಎದುರಿಗೆ, ಹತ್ತು ವರ್ಷದಲ್ಲಿ ಮೊದಲ ಸಲ ಪಡಸಾಲೆಯ ನಡುವೆ ಬಂದು ನಿಂತು ಹಿಟ್ಟಿನ ಕೈಯಿಂದ ನನ್ನ ಎಡಗೆನ್ನೆಗೆ ಹೊಡೆದಳು. ಅದಕ್ಕೆ ಮೊದಲು ಆಕೆ ನನ್ನನ್ನು ಹೊಡೆದವಳಲ್ಲ.

"ಬಾಯಿ ಮುಚ್ಚು! ಹೆಣ್ಣ ಹುಡುಗಿ ಹಿಂಗ ನಗತಾರೇನ?"

ಆಯಿಯೇ ಹೌಹಾರಿ ನನ್ನನ್ನು ತೊಡೆಗೆ ಎಳೆದುಕೊಂಡಳು.

"ಕೂಸಿಗೆ ಯಾಕ ಹೊಡದಿಬೇ? ಏನು ತಪ್ಪು ಮಾಡೈತಿ ಅದು?"

ಅವ್ವ ಆಯಿಯ ಮುಖವನ್ನು ನೇರವಾಗಿ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಹೋದಳು. ಒಳಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಕಾಕಾ, ಮತ್ತೊಮ್ಮೆ ಮೊದಲಿಂದ ಮಾಡಬೇಕು ಅಂದ. ಮುತ್ಯಾ ಬೇಡ ಅಂದು ಪುಸ್ತಕ ಮುಚ್ಚಿದ. ಆ ಮನೆಯಲ್ಲಿ ಅದಾದ ಮೇಲೆ ಯಾರೂ ಗಟ್ಟಿಯಾಗಿ ಓದಲಿಲ್ಲ. ಆ ಸುರುಳಿ ಕಚೇರಿಗೆ ಹೋಯಿತು; ಅದರ ಮೇಲೆ ಆಮೇಲೆ ಗೊಬ್ಬರದ ಭಾಷಣ ತುಂಬಿದರಂತೆ. ಅವ್ವ ಆ ಮನೆಯಲ್ಲಿ ಬಾಳಿದಳು, ನನ್ನ ಹಿಂದೆ ಇಬ್ಬರನ್ನು ಹೆತ್ತಳು, ಆಯಿಯ ಕೊನೆಗಾಲದಲ್ಲಿ ಮಲ ಮೂತ್ರ ಬಳಿದಳು. ಎಲ್ಲರೂ ಹೊಗಳುವ ಸೊಸೆಯಾದಳು. ನಕ್ಕದ್ದನ್ನು ನಾನು ನೋಡಲಿಲ್ಲ. ನನಗೂ ಇಂದಿಗೂ ನಗು ಬಂದರೆ ಕೈ ಬಾಯಿಗೆ ಹೋಗುವುದಿಲ್ಲ, ನೇರವಾಗಿ ಎಡಗೆನ್ನೆಗೆ ಹೋಗುತ್ತದೆ. ನನ್ನ ಮಕ್ಕಳು ಅದನ್ನು ಅಣಕಿಸುತ್ತಾರೆ.

ಈಗ ಅವ್ವ ನನ್ನ ಜೊತೆಗೇ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಇನ್ನೂ ಚುರುಕು. ಮೊನ್ನೆ ನನ್ನ ಮೊಮ್ಮಗಳು ಫೋನಿನಲ್ಲಿ ಹಳೆಯ ನಗೆಗತೆಗಳನ್ನು ಯಾರೋ ಓದಿ ತುಂಬಿಸಿದ್ದನ್ನು ಹುಡುಕಿ ಕೊಟ್ಟಳು. ಓದುವವರ ದನಿ ಚೆನ್ನಾಗಿತ್ತು. ಅಲ್ಲಲ್ಲಿ ಜನ ನಗುವುದೂ ಕೇಳಿಸುತ್ತಿತ್ತು. ಅವ್ವನ ಮಂಚದ ಪಕ್ಕ ಕೂತು ಹಚ್ಚಿದೆ. ಆಕೆ ಕಣ್ಣು ಮುಚ್ಚಿ ಎರಡು ಕತೆ ಕೇಳಿದಳು. ಮುಖ ಥೇಟು ಮುತ್ಯಾನ ಮುಖ, ಜಮೀನಿನ ಕಾಗದ ಓದಿಸಿಕೊಳ್ಳುವ ಮುಖ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಅಂದು ಕೇಳಿದೆ.

"ಅವ್ವಾ, ಎಮ್ಮಿ ಕತಿ ನೆನಪೈತೇನು? ಕೌದಿ ಹಿಂದ ನಿಂತು ಎಷ್ಟು ನಕ್ಕಿದ್ದಿ ನೀ!"

ಅವ್ವ ಕಣ್ಣು ತೆರೆಯಲಿಲ್ಲ. ಕೈ ಚಾಚಿ ನನ್ನ ಎಡಗೆನ್ನೆಯನ್ನು ಹುಡುಕಿ ಮುಟ್ಟಿದಳು.

"ನಕ್ಕದ್ದು ನೆನಪಿಲ್ಲವ್ವ," ಅಂದಳು. "ನಿನಗ ಹೊಡದದ್ದು ನೆನಪೈತಿ."